ಐದನೇ ವಾಕ್ಯ

“ಅಜ್ಜಿ ಲುಕ್ಸ್ ಆಫ್ಟರ್ ಮಿ,” ಎಂದು ನಿಖಿತಾ ಹೋಂವರ್ಕಿನ ಮೊದಲ ವಾಕ್ಯ ಓದಿದಳು. ಹದಿನೈದು ದಿನಕ್ಕೊಮ್ಮೆ ಸಿಗುವ ರಜೆಯಲ್ಲಿ ಸಾಸ್ತಾನದಿಂದ ಹೆಮ್ಮಾಡಿಯ ಮನೆಗೆ ಬಂದ ಅವಳ ಅಮ್ಮ ವನಜ ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ.

“ಅಂದ್ರೆ ಎಂತ ಮಗಾ?”

“ಕಾಣ್ಕಂಬುದ್. ಅಜ್ಜಿ ನನ್ನ ಕಾಣ್ಕಂತ್ರ್. ಐದ್ ವಾಕ್ಯ ಬರೀಕ್. ಸುಳ್ಳ್ ಬರೆಯೂಕಾಗ ಅಂದ್ರ್ ಟೀಚರ್.”

ಮುಂದಿನ ಮೂರು ವಾಕ್ಯಗಳಲ್ಲಿ ಅಜ್ಜಿ ಕೋಳಿಗಳನ್ನು, ಮಾವ ದೋಣಿಯನ್ನು, ನಿಖಿತಾ ಬೆಕ್ಕಿನ ಮರಿಯನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ನಾಲ್ಕು ವಾಕ್ಯವಾಯಿತು.

“ನನ್ ಸುದ್ದಿಯೇ ಇಲ್ಯಾ?”

“ಇತ್ತಮ್ಮ, ಕಡೀಗೆ. ಅಮ್ಮ ಲುಕ್ಸ್ ಆಫ್ಟರ್ ಸಾಸ್ತಾನದ ಅಜ್ಜ.”

ಸುಳ್ಳೇನಲ್ಲ. ಎರಡು ವರ್ಷದಿಂದ ವನಜಳಿಗೆ ಸಾಸ್ತಾನದ ಮನೆಯೊಂದರಲ್ಲಿ ಸಂಬಳಕ್ಕೆ ಅದೇ ಕೆಲಸ. ಹಾಸಿಗೆ ಹಿಡಿದ ಆ ಅಜ್ಜನನ್ನು ಮೀಯಿಸಿ, ಗಂಜಿ ಉಣಿಸಿ, ಉಗುರು ತೆಗೆದೇ ಅವಳು ಬೆಳಿಗ್ಗೆ ಬಸ್ಸು ಹತ್ತಿದ್ದಳು. ಅವಸರದಲ್ಲಿ ಅವರ ನೇಲ್ ಕಟ್ಟರ್ ಬ್ಯಾಗಿನಲ್ಲೇ ಉಳಿದಿತ್ತು. ಅದನ್ನು ಹುಡುಕಿ ತೆಗೆದು, “ಅಜ್ಜಂದ್ ಇಲ್ಲೇ ಉಳ್ದಿತ್ತ್. ಕೈ ತಾ ಕಾಂಬ, ನಿನ್ ಉಗ್ರ್ ತೆಗಿತೆ,” ಎಂದು ಮಗಳ ಕೈ ಹಿಡಿದಳು.

ಹತ್ತೂ ಉಗುರು ಒಪ್ಪವಾಗಿದ್ದವು. ಮೇಲೆ ಗೋರಂಟಿಯ ಕೆಂಪು ಬೇರೆ.

“ನಿನ್ನೆಯೇ ಅಜ್ಜಿ ತೆಗ್ದ್ರ್,” ಎಂದ ನಿಖಿತಾ ಮೆಲ್ಲಗೆ ಕೈ ಬಿಡಿಸಿಕೊಂಡಳು. “ಅದ್ ಸಾಸ್ತಾನದ ಅಜ್ಜಂದಲ್ದಾ? ಒಳಗಿಡಮ್ಮ, ಕಳ್ದ್ ಹೋತ್ತ್.”