ಒಣಮೀನಿನ ಕಥೆ

ಕಥೆ ತೆರೆದ ಕೂಡಲೇ ಅದನ್ನು ಬರೆದ ಮನೆಯ ವಾಸನೆ ಫೋನಿನಿಂದ ಹೊಮ್ಮುವುದು ಈಗ ಯಾರಿಗೂ ಹೊಸದಲ್ಲ. ಆದರೂ ಕಥೆ ಕದಿಯುವವರಿಗೇನೂ ಬರವಿಲ್ಲ. 'ಕಥಾಂಗಳ' ಗುಂಪಿನಲ್ಲಿ ಹೆಸರಿಲ್ಲದೆ ಬಂದು ಬಹುಮಾನ ಗೆದ್ದ ಕಥೆ ತನ್ನದೆಂದು ಅಂಬುಜಾಕ್ಷಿಯೂ ಮೈತ್ರಾಳೂ ಜಗಳಕ್ಕೆ ಬಿದ್ದರು.

ಅಡ್ಮಿನ್ ಸೆಲಿನಾ ಇಬ್ಬರನ್ನೂ ವಿಡಿಯೋ ಕಾಲಿಗೆ ಕರೆದು, ಆ ಕಥೆ ತೆರೆದು ಮೂಸಿದಳು.

"ಒಣಮೀನು ಹುರಿದ ವಾಸನೆ! ನೀವಿಬ್ರೂ ಈರುಳ್ಳೀನೂ ಮುಟ್ಟೋರಲ್ವಲ್ಲ?"

ಮೈತ್ರಾ ಕಾಲ್ ಕಟ್ ಮಾಡಿದಳು.

ಅಂಬುಜಾಕ್ಷಿಯ ಪಕ್ಕದಲ್ಲೇ ಮಡಿಯುಟ್ಟ ಅತ್ತೆ ಜಪಸರ ಹಿಡಿದು ಕೂತಿದ್ದರು. ಅವಳು ಒಮ್ಮೆ ಅತ್ತೆಯನ್ನು ನೋಡಿದಳು, ಒಮ್ಮೆ ಕಥೆಯ ಕೆಳಗಿದ್ದ ಸಾವಿರಾರು ಲೈಕುಗಳನ್ನು ನೋಡಿದಳು.

"ಹುರಿದಿದ್ದು ನಾನೇ ಕಣ್ರೀ," ಎಂದಳು. "ನಮ್ಮತ್ತೆಯವರಿಗೆ ಒಣಮೀನು ಅಂದ್ರೆ ಪ್ರಾಣ."