ಕಳಿಸುವ ಪದ

"ಉಸಿರಿರೋ ಮನಷ್ಯಾನ ಮುಂದ ಕುಂತು ಆ ಪದ ಹಾಡು ಅಂದ್ರ ಹೆಂಗ ಹಾಡೂದಪಾ?" ಎಂದು ಖಾದರಸಾಬ ಹಾರ್ಮೋನಿಯಂ ಪೇಟಿಯ ಮೇಲಿಟ್ಟಿದ್ದ ಕೈ ತೆಗೆದುಬಿಟ್ಟ. ಎದುರಿಗೆ ಗೋಡೆಗೊರಗಿ ಕುಳಿತಿದ್ದ ಫಕ್ಕೀರಪ್ಪ ಮಾತಾಡಲಿಲ್ಲ. ಮಾತಾಡಲು ದನಿಯಾದರೂ ಎಲ್ಲಿತ್ತು? ಹುಬ್ಬಳ್ಳಿಯಲ್ಲಿ ಗಂಟಲಿನ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಗಡ್ಡೆಯ ಜೊತೆ ದನಿಯೂ ಹೋಗಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೋದ ವಾರ ಹೇಳಿ ಕಳಿಸಿದ್ದರು. ಅವನು ಮೊಮ್ಮಗಳ ಪಾಟಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಬಳಪದಿಂದ ಬರೆದು ತೋರಿಸಿದ: "ಹಾಡ್ರಿ. ಹೊತ್ತಿಲ್ಲ."

ಅಂದು ಅವನ ಮನೆಯಲ್ಲಿ ಕೂಡಿದ್ದ ಬಂಕಾಪುರದ ಭಜನಾ ಮೇಳದಲ್ಲಿ ಅರವತ್ತು ದಾಟದವರು ಯಾರೂ ಇಲ್ಲ. ಮೇಳದವರು ಯಾರಾದರೂ ತೀರಿಕೊಂಡರೆ, ಹೆಣ ಎತ್ತುವ ಮುಂಚೆ ಒಂದು ಪದ ಹಾಡಿ ಕಳಿಸುವುದು ಅವರ ವಾಡಿಕೆ. ಆ ಪದವನ್ನು ಸಾವಿನ ಮನೆ ಬಿಟ್ಟು ಬೇರೆಲ್ಲೂ ಹಾಡುವಂತಿಲ್ಲ. ಗುಡಿಯಲ್ಲಿಲ್ಲ, ಮನೆಯಲ್ಲಿಲ್ಲ, ಕಲಿಯುವುದಕ್ಕೆಂದು ಕೂಡ ಇಲ್ಲ. ಇಲ್ಲಿಯವರೆಗೆ ಹನ್ನೊಂದು ಮಂದಿ ಗೆಳೆಯರನ್ನು ಫಕ್ಕೀರಪ್ಪನೇ ಮುಂದೆ ನಿಂತು, ಮೊದಲ ಸೊಲ್ಲು ಎತ್ತಿ ಕಳಿಸಿದ್ದ. ಉಳಿದವರು ಅಳುತ್ತ, ಮೂಗು ಒರೆಸಿಕೊಳ್ಳುತ್ತ ಕೊನೆಯ ಮಾತನ್ನಷ್ಟೇ ಹಿಂದಿನಿಂದ ಹಿಡಿದು ಬರುತ್ತಿದ್ದರು. ಎಂಥ ಶಾಣ್ಯಾ ಮಂದಿ ನೋಡಿ! ಸೊಲ್ಲು ಎತ್ತುವವನೂ ಒಂದು ದಿನ ಹೋಗುತ್ತಾನೆ ಎಂಬುದು ನಲವತ್ತು ವರ್ಷದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಪದದ ಮಾತುಗಳನ್ನೇನೋ ಫಕ್ಕೀರಪ್ಪ ಹಾಳೆಯಲ್ಲಿ ಬರೆದು ಕೊಟ್ಟಿದ್ದ. ಧಾಟಿಯನ್ನು ಹೇಗೆ ಬರೆದಾನು?

ಚಹಾದ ತಾಟು ಹಿಡಿದು ಒಳಗಿನಿಂದ ಬಂದ ಅವನ ಹೆಂಡತಿ ದುರಗವ್ವ ಬಾಗಿಲಲ್ಲೇ ನಿಂತುಬಿಟ್ಟಳು.

"ಖಾದರಣ್ಣ, ಹಣಿ ತುಂಬ ಕುಂಕುಮ ಇಟ್ಕೊಂಡು ನಾ ಇನ್ನೂ ನಿಮ್ಮ ಮುಂದ ನಿಂತೇನಿ. ನನ್ನ ಮನ್ಯಾಗ ಕುಂತು ನನ್ನ ಗಂಡನ್ನ ಈಗಲೇ ಕಳಸ್ತೀರೇನು?"

"ನಾ ಎಲ್ಲಿ ಹಾಡ್ತೇನಿ ಅಂದ್ನಿ ಅಕ್ಕಾ? ಇವಗ ಹೇಳ್ರಿ, ಹಟ ಹಿಡದು ಕುಂತಾನ."

ಫಕ್ಕೀರಪ್ಪ ಅಂಗಿಯ ತೋಳಿನಿಂದ ಪಾಟಿ ಒರೆಸಿ ಮತ್ತೆ ಬರೆದ. ದುರಗವ್ವನಿಗೆ ಓದಲು ಬರುವುದಿಲ್ಲ. ತಾಳ ಹಾಕುವ ಕೊಟ್ರೇಶ ಪಾಟಿಯನ್ನು ತನ್ನ ಕಡೆ ತಿರುಗಿಸಿಕೊಂಡು, ತಡೆದು ತಡೆದು ಓದಿ ಹೇಳಿದ: "ಹನ್ನೊಂದು ಮಂದೀನ ಹಾಡಿ ಕಳಸೇನಿ. ನಾ ಹಂಗ ಸುಮ್ಮಕ ಹೋಗಬೇಕೇನು?"

ದುರಗವ್ವ ತಾಟನ್ನು ನೆಲಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದಳು.

ಅವಳು ಬೇಡ ಎನ್ನದ್ದನ್ನು ಕಂಡು ಕೊಟ್ರೇಶನೇ ಧೈರ್ಯ ಮಾಡಿ ಹಾಳೆ ನೋಡಿಕೊಂಡು ಎತ್ತಿದ: "ಬುತ್ತಿ ಕಟ್ಟೈತಿ, ಏಳೋ ಗೆಳೆಯಾ, ಹಾದಿ ಕಾದೈತಿ..." ಫಕ್ಕೀರಪ್ಪ ತಲೆ ಅಲ್ಲಾಡಿಸಿದ. ಕೊಟ್ರೇಶ 'ಏಳೋ' ಎಂಬಲ್ಲಿ ಇನ್ನಷ್ಟು ಏರಿಸಿದ. ಅದೂ ಅಲ್ಲ. ಅಷ್ಟರಲ್ಲಿ ಕೋಟೆಯ ಕಡೆಯಿಂದ ಒಂದು ನವಿಲು ಕೂಗಿತು. "ನಿನಕಿಂತ ಅದ ಛಲೋ ಎತ್ತತೈತಿ ನೋಡಲೇ," ಎಂದ ಖಾದರಸಾಬ. ಯಾರೋ ಒಬ್ಬರು ನಕ್ಕು, ಫಕ್ಕೀರಪ್ಪನ ಮುಖ ನೋಡಿ ಸುಮ್ಮನಾದರು. ಖಾದರಸಾಬ ತಾನೇ ಪೇಟಿ ಎಳೆದುಕೊಂಡು ಕಳೆದ ವಸ್ತುವನ್ನು ಮನೆಯೊಳಗೆ ಹುಡುಕಿದ ಹಾಗೆ ಸ್ವರ ಹುಡುಕಿದ. ಸಿಗಲಿಲ್ಲ. ಫಕ್ಕೀರಪ್ಪ ಗಾಳಿಯಲ್ಲಿ ಕೈ ಇಳಿಸಿ, ಏರಿಸಿ ತೋರಿಸಿದ. ಬಾಯಿ ತೆರೆದು ಪ್ರಯತ್ನಪಟ್ಟ. ಕೊರಳಿಗೆ ಕಟ್ಟಿದ ಬಟ್ಟೆಯ ಹಿಂದಿನಿಂದ ಬರೀ ಗಾಳಿ ಹೊರಬಂತು. ಕೊನೆಗೆ ಬಳಪ ಎಸೆದು, ಗೋಡೆಯ ಕಡೆ ಮುಖ ತಿರುಗಿಸಿದ. ಖಾದರಸಾಬ ಪೇಟಿ ಮುಚ್ಚಿದ.

ಆಗ ಅಡುಗೆಮನೆಯಿಂದ ಆ ಸೊಲ್ಲು ಬಂತು.

ದನಿ ಒಡೆದಿತ್ತು. ಆದರೆ 'ಏಳೋ' ಎಂಬಲ್ಲಿ ಅದು ಏರಲಿಲ್ಲ. ಮಲಗಿದವನ ಕಿವಿಯ ಹತ್ತಿರ ಬಾಗಿ ಎಬ್ಬಿಸುವವರಂತೆ ಮೆಲ್ಲಗೆ ಕೆಳಗಿಳಿದು, 'ಹಾದಿ'ಗೆ ಬಂದಾಗ ಎದ್ದು ನಿಂತಿತು. ಫಕ್ಕೀರಪ್ಪ ಗೋಡೆಯಿಂದ ಈ ಕಡೆ ತಿರುಗಿದ. ಅವನ ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿತು.

ದುರಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಅಕ್ಕಾ, ನಿಮಗ ಹೆಂಗ ಬಂತಿದು?" ಎಂದ ಕೊಟ್ರೇಶ, ಬಾಯಿ ತೆರೆದುಕೊಂಡು.

"ಹನ್ನೊಂದು ಮನ್ಯಾಗೂ ಹೆಂಗಸರ ನಡುವ ಕುಂತಿದ್ನಿಲ್ಲೇನು? ನೀವೆಲ್ಲಾ ಅಳತಿದ್ರಿ. ನಾ ಇವರ ದನಿ ಕೇಳತಿದ್ನಿ."

ಖಾದರಸಾಬನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಹಂಗಾರ ಚಿಂತಿ ಹೋತು ಬಿಡ್ರಿ! ಅವತ್ತ ನೀವ ಮುಂದ ನಿಂತು ಎತ್ರಿ, ನಾವು ಹಿಂದ ಹಿಡೀತೇವಿ," ಎಂದ. ಅಂದ ಮೇಲೆ ತಾನು ಯಾರಿಗೆ ಏನು ಹೇಳಿದೆ ಎಂದು ತಿಳಿದು ನಾಲಿಗೆ ಕಚ್ಚಿಕೊಂಡ.

ದುರಗವ್ವ ಸಿಟ್ಟಾಗಲಿಲ್ಲ. ಪಾಟಿಯನ್ನು ಅತ್ತ ಸರಿಸಿ, ಗಂಡನ ಪಕ್ಕದಲ್ಲಿ ಕುಳಿತಳು.

"ಅವತ್ತ ನನಗ ಹಾಡಾಕ ಆಗಂಗಿಲ್ಲ ಖಾದರಣ್ಣ. ಅವತ್ತ ನಾ ಅಳಬೇಕು," ಎಂದಳು. "ಇವತ್ತ ಕಲತುಬಿಡ್ರಿ."