ಅರ್ಲ್‌ನ ಸಾಲು

ಗೋಡೆಯಾಚೆಯಿಂದ ಹೆಣ್ಣುದನಿಯೊಂದು ಜೊತೆಗೂಡಿದ್ದೇ ತಡ, ಮುದುಕ ಕ್ಯಾಲ್ವಿನ್ ಹಾಡನ್ನು ಅಲ್ಲಿಗೇ ನಿಲ್ಲಿಸಿಬಿಟ್ಟ.

ಐವತ್ತರ ದಶಕದಲ್ಲಿ ಅಮೆರಿಕದ ಓಕ್‌ಲ್ಯಾಂಡಿನ ಬೀದಿಮೂಲೆಯಲ್ಲಿ ನಾಲ್ವರು ಹುಡುಗರು ಕಟ್ಟಿದ ರಿದಮ್ ಅಂಡ್ ಬ್ಲೂಸ್ ಹಾಡುಗಾರರ ತಂಡದಲ್ಲಿ ಈಗ ಉಳಿದವನು ಅವನೊಬ್ಬನೇ. ಮುಖ್ಯ ಗಾಯಕ ಅರ್ಲ್‌ನನ್ನು ಹೋದ ತಿಂಗಳು ಮಣ್ಣು ಮಾಡಿ ಬಂದಿದ್ದ. ಆಮೇಲೂ ದಿನಾ ಸಂಜೆ ಕಿಟಕಿಯ ಬಳಿ ಕೂತು, ತನ್ನ ಪಾಲಿನ ಮಂದ್ರದ ‘ಡೂಂ ಡೂಂ’ ಅಷ್ಟನ್ನೇ ಹಾಡುತ್ತಿದ್ದ. ಅರ್ಲ್‌ನ ಸಾಲು ಬರುವಲ್ಲಿ ಸುಮ್ಮನಾಗಿ ಅದು ಮುಗಿಯುವವರೆಗೆ ಕಾಯುತ್ತಿದ್ದ.

ಬಾಗಿಲು ತಟ್ಟಿದವಳು ಪಕ್ಕದ ಅಪಾರ್ಟ್‌ಮೆಂಟಿನ ಸರೋಜಿನಿ, ಮಂಗಳೂರಿನವಳು.

“ಸಾರಿ ಅಂಕಲ್. ನಮ್ಮವರು ಹೊತ್ತಿಲ್ಲ ಗೊತ್ತಿಲ್ಲ, ಡಾಟ್‌ಕಾಮ್ ಕಂಪನಿ ಆಫೀಸಲ್ಲೇ ಇರ್ತಾರೆ. ನಂಗೆ ನಿಮ್ಮ ಹಾಡೇ ಜೊತೆ. ನಡುವೆ ಖಾಲಿ ಬಿಡ್ತೀರಲ್ಲ, ಅಲ್ಲಿಗೆ ನಂದೇ ಒಂದು ರಾಗ ಸೇರಿಸಿಬಿಟ್ಟೆ.”

ಅದು ಖಾಲಿ ಜಾಗವಲ್ಲ ಎಂದು ಗದರಲು ಹೊರಟವನು ಅವಳ ಮುಖ ನೋಡಿ ಕುರ್ಚಿ ಎಳೆದು ಕೊಟ್ಟ.

“ಆ ರಾಗ ಹಾಗಲ್ಲಮ್ಮ. ಅರ್ಲ್ ಹೇಗೆ ಹಾಡ್ತಿದ್ದ, ಕೇಳು.”

ಜೀವಮಾನದಲ್ಲಿ ಮೊದಲ ಸಲ ಕ್ಯಾಲ್ವಿನ್ ಗೆಳೆಯನ ಸಾಲಿಗೆ ಬಾಯಿ ತೆರೆದ. ಮೇಲಿನ ಸ್ವರಕ್ಕೆ ಏರಲಾರದೆ ಅವನ ದನಿ ಒಡೆಯಿತು. ಆದರೂ ಕೊನೆಯವರೆಗೆ ಹಾಡಿದ.